ಅರವತ್ತೈದು ಸಾವಿರ ವಿಳಾಸಗಳು

"ನಿಮ್ಮನ್ನ ಒಳಗೆ ಬಿಟ್ಟವರು ಯಾರು?"

ಓಕ್ ಮಿರಾನ್‌ಳ ದನಿಯಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ಎದುರಿಗಿದ್ದವನಿಗೆ ಸಮಾಧಾನವಾಗುತ್ತಿತ್ತೇನೋ.

ಕಂಪ್ಯೂಟರ್ ಕೋಣೆಯ ನೆಲದಲ್ಲಿ ಮಂಡಿಯೂರಿ ಏನೋ ಬರೆದುಕೊಳ್ಳುತ್ತಿದ್ದ ಯುವಕ ಗಾಬರಿಯಿಂದ ತಿರುಗಿದ. ಅವನ ಕಾಲಲ್ಲಿದ್ದದ್ದು ಅವಳದೇ ಚಪ್ಪಲಿ! ಕೋಣೆಯೊಳಗೆ ಹಾಕಿಕೊಳ್ಳಲೆಂದು ಅವಳು ಬಾಗಿಲ ಬಳಿ ಇಟ್ಟಿದ್ದ ನೀಲಿ ಚಪ್ಪಲಿ. ಅರ್ಧ ಪಾದ ಹೊರಗೇ ಇತ್ತು.

"ಕಾವಲುಗಾರರು ಬಿಟ್ಟರು. ಗ್ವಾಂಗ್ಜು ಜಾಲ ಕೇಂದ್ರದಿಂದ ಬಂದಿದೀನಿ. ತಾಕ್ ಇನ್‌ಹೋ ಅಂತ." ಅವನು ಎದ್ದು ಬಾಗಿ ನಮಸ್ಕರಿಸಿದ. "ನೀವು ಊಟಕ್ಕೆ ಹೋಗಿದ್ದೀರಿ ಅಂದ್ರು, ಅದಕ್ಕೆ..."

"ಅದಕ್ಕೆ ನನ್ನ ರೌಟರ್ ಮುಂದೆ ಕೂತು ನಂಬರ್ ಬರ್ಕೊಂಡ್ರಾ?"

"ಬರ್ಕೊಂಡೆ. ಬರ್ಕೊಂಡು ಆಶ್ಚರ್ಯಪಟ್ಟೆ." ಅವನಿಗೆ ಹೆದರಿಕೆ ಬೇಗ ಹೋಗುತ್ತದೆ ಎಂದು ಅವಳು ಗಮನಿಸಿದಳು. "ಮೇಡಂ, ನಿಮ್ಮ ಕಾಲೇಜಿನ ಹತ್ರ ಅರವತ್ತೈದು ಸಾವಿರ ವಿಳಾಸ ಇದೆ. ಬಳಸ್ತಿರೋದು ಸಾವಿರಾನೂ ಇಲ್ಲ. ಮಿಕ್ಕಿದ್ದನ್ನ ವಾಪಸ್ ಕೊಡಿ."

ಮಿರಾನ್ ಬಾಗಿಲು ತೆರೆದು ಹಿಡಿದಳು.

"ಮೊದಲು ನನ್ನ ಚಪ್ಪಲಿ ವಾಪಸ್ ಕೊಡಿ."

ಅದು ಸಾವಿರದ ಒಂಬೈನೂರ ತೊಂಬತ್ತಾರರ ಅಕ್ಟೋಬರ್. ಮೊಕ್ಪೊ ಬಂದರಿನಲ್ಲಿ ಸೀಗಡಿಯ ದೋಣಿಗಳು ಬೆಳಿಗ್ಗೆಯೇ ಬಂದು ನಿಲ್ಲುತ್ತಿದ್ದ ಕಾಲ. ಯೂದಾಲ್ ಗುಡ್ಡದ ಬೆನ್ನಿಗಿದ್ದ ಹೆಬಿತ್ ಕಾಲೇಜಿನಲ್ಲಿ ಮೀನುಗಾರಿಕೆ, ಹಡಗಿನ ಎಂಜಿನ್, ಸಾಗರ ವಿಜ್ಞಾನ ಕಲಿಸುತ್ತಿದ್ದರು. ಅಲ್ಲಿನ ಕಂಪ್ಯೂಟರ್‌ಗಳನ್ನೆಲ್ಲ ಹೊರಜಗತ್ತಿಗೆ ಜೋಡಿಸುವ ಜಾಲ ಮೂವತ್ತು ವರ್ಷದ ಮಿರಾನ್ ಒಬ್ಬಳ ಕೈಯಲ್ಲಿತ್ತು. ಕೆಲಸ ಖಾಯಂ ಅಲ್ಲ. ವರ್ಷ ವರ್ಷವೂ ಡೀನ್ ಸಹಿ ಹಾಕಬೇಕಿತ್ತು.

ಆ ಜಾಲ ಕಟ್ಟಿದವರು ನಮ್‌ಗೂಂಗ್ ಪ್ರೊಫೆಸರ್. ಅವಳ ಗುರು. ಎರಡು ವರ್ಷದ ಹಿಂದೆ ಪಾಠ ಮುಗಿಸಿ ಕುರ್ಚಿಯಲ್ಲಿ ಕೂತವರು ಏಳಲೇ ಇಲ್ಲ. ಅವರು ಬಿಟ್ಟುಹೋದದ್ದು ಒಂದು ಹಳೆಯ ರೌಟರ್, ಅಂದರೆ ಬಂದ ಸಂದೇಶ ಯಾವ ದಾರಿ ಹಿಡಿಯಬೇಕೆಂದು ತೀರ್ಮಾನಿಸುವ ಪೆಟ್ಟಿಗೆ, ಜೊತೆಗೆ ಈ ಅರವತ್ತೈದು ಸಾವಿರ ವಿಳಾಸ, ಜಾಲದಲ್ಲಿ ಒಂದೊಂದು ಕಂಪ್ಯೂಟರಿಗೂ ಒಂದರಂತೆ ಕೊಡುವ ಸಂಖ್ಯೆ.

"ಅಷ್ಟೊಂದು ಯಾಕೆ ತಗೊಂಡ್ರು ನಿಮ್ಮ ಮೇಷ್ಟ್ರು?" ಎಂದು ಗ್ರಂಥಾಲಯದ ಬಾಂಗ್ ಅಕ್ಕ ಆ ಸಂಜೆ ಕೇಳಿದಳು. ಐವತ್ತರ ಹೆಂಗಸು. ಕಾಲೇಜಿನಲ್ಲಿ ಮಿರಾನ್ ಬಾಯಿಬಿಟ್ಟು ಮಾತಾಡುತ್ತಿದ್ದದ್ದು ಅವಳೊಬ್ಬಳ ಹತ್ತಿರ.

"ಬೇರೆ ಅಳತೇದು ಸಿಗ್ತಿರಲಿಲ್ಲ ಅಕ್ಕ." ಮಿರಾನ್ ಬಾರ್ಲಿ ಚಹಾದ ಲೋಟ ಪಕ್ಕಕ್ಕಿಟ್ಟು ಹಾಳೆಯ ಮೇಲೆ ಉದ್ದಕ್ಕೆ ಒಂದು ಗೆರೆ ಎಳೆದಳು. "ಒಂದು ವಿಳಾಸ ಅಂದ್ರೆ ಮೂವತ್ತೆರಡು ಅಂಕಿ. ಬರೀ ಸೊನ್ನೆ, ಒಂದು. ಎಡಗಡೆ ಭಾಗ ಬೀದಿ ಹೆಸರು ಅಂತಿಟ್ಕೋ, ಬಲಗಡೇದು ಮನೆ ನಂಬರು. ಇವೆರಡರ ಮಧ್ಯ ಎಲ್ಲಿ ಕತ್ತರಿಸೋದು ಅನ್ನೋದೇ ಪ್ರಶ್ನೆ. ಆಗ ಮೂರೇ ಜಾಗದಲ್ಲಿ ಕತ್ತರಿಸ್ತಿದ್ರು. ಎಂಟನೇ ಅಂಕಿ ಆದ್ಮೇಲೆ ಕತ್ತರಿಸಿದ್ರೆ ಎ ವರ್ಗ. ಒಂದು ಬೀದೀಲಿ ಒಂದೂವರೆ ಕೋಟಿ ಮೀರಿ ಮನೆ. ಹದಿನಾರಕ್ಕೆ ಕತ್ತರಿಸಿದ್ರೆ ಬಿ ವರ್ಗ, ಅರವತ್ತೈದು ಸಾವಿರ. ಇಪ್ಪತ್ನಾಲ್ಕಕ್ಕೆ ಕತ್ತರಿಸಿದ್ರೆ ಸಿ ವರ್ಗ, ಇನ್ನೂರ ಐವತ್ನಾಲ್ಕು."

"ಮಧ್ಯದಲ್ಲಿ?"

"ಮಧ್ಯದಲ್ಲಿ ಏನೂ ಇಲ್ಲ. ಪ್ರೊಫೆಸರ್ ಹತ್ರ ಮುನ್ನೂರು ಕಂಪ್ಯೂಟರ್ ಇತ್ತು. ಸಿ ಸಾಲಲಿಲ್ಲ, ಬಿ ಕೇಳಿದ್ರು. ಕೊಟ್ರು."

"ಮುನ್ನೂರು ಜನ ಊಟಕ್ಕೆ ಬರ್ತಾರೆ ಅಂತ ಇಡೀ ಜಿಲ್ಲೆಗೆ ಅನ್ನ ಮಾಡಿದ ಹಾಗಾಯ್ತು."

"ಈಗ ಕಾಲ ಬದಲಾಗಿದೆ. ವರ್ಗ ಅನ್ನೋದನ್ನೇ ತೆಗೆದುಹಾಕಿದಾರೆ. ಎಲ್ಲಿ ಬೇಕಾದ್ರೂ ಕತ್ತರಿಸಬಹುದು."

"ಹಂಗಾದ್ರೆ ಆ ಹುಡುಗ ಕೇಳಿದ್ದರಲ್ಲಿ ತಪ್ಪೇನೇ?"

ಮಿರಾನ್ ಗೆರೆ ಎಳೆದ ಹಾಳೆಯನ್ನು ಮಡಿಸಿದಳು. ತಪ್ಪಿಲ್ಲ ಎಂದು ಅವಳಿಗೆ ಗೊತ್ತಿತ್ತು. ಆದರೆ ಪ್ರೊಫೆಸರ್ ಕೈಬರಹದಲ್ಲೇ ಇದ್ದ ಆ ವಿಳಾಸಗಳ ಪಟ್ಟಿಯನ್ನು ತನ್ನ ಕೈಯಾರೆ ಹರಿದು ಹಂಚಬೇಕೇ? 'ಅವರನ್ನ ಮಣ್ಣು ಮಾಡಿದ್ದು ಒಂದು ಸಲ ಸಾಕಾಗಲಿಲ್ಲವೇ...'

ಇನ್‌ಹೋ ಮುಂದಿನ ಮಂಗಳವಾರ ಮತ್ತೆ ಬಂದ. ಈ ಸಲ ಚೀಲದಲ್ಲಿ ಅವನದೇ ಚಪ್ಪಲಿ ಇತ್ತು.

"ಹೋಗಿ ಅಂತ ಹೇಳ್ಬೇಡಿ. ಹತ್ತು ನಿಮಿಷ ಕೊಡಿ ಸಾಕು." ಅವನು ಸಮುದ್ರದ ನಕ್ಷೆಯೊಂದನ್ನು ಮೇಜಿನ ಮೇಲೆ ಹರಡಿದ. ಮೊಕ್ಪೊದ ಪಶ್ಚಿಮಕ್ಕೆ ಚದುರಿದ ದ್ವೀಪಗಳ ಮೇಲೆಲ್ಲ ಕೆಂಪು ಚುಕ್ಕಿ. "ಮೂವತ್ತೇಳು ಶಾಲೆ. ಬರೋ ಮಾರ್ಚ್ ಹೊತ್ತಿಗೆ ಎಲ್ಲಕ್ಕೂ ಸಂಪರ್ಕ ಕೊಡಬೇಕು. ತಂತಿ ಇದೆ, ಕಂಪ್ಯೂಟರ್ ಇದೆ. ವಿಳಾಸ ಇಲ್ಲ. ಹೊಸದಾಗಿ ಕೇಳಿದ್ರೆ ವರ್ಷಗಟ್ಟಲೆ ಕಾಯಿ ಅಂತಾರೆ."

"ಈ ಚುಕ್ಕಿ ಮಾತ್ರ ಯಾಕೆ ದಪ್ಪ?"

"ಅದು ಸೊಲ್‌ಸಮ್. ನಮ್ಮೂರು." ಅವನು ತಲೆ ಕೆರೆದುಕೊಂಡ. "ಪೆನ್ನು ಜಾಸ್ತಿ ಹೊತ್ತು ನಿಂತಿತು, ಅಷ್ಟೇ."

ಮಿರಾನ್ ನಕ್ಷೆಯನ್ನು ನೋಡುತ್ತಲೇ ಇದ್ದಳು.

"ಕೊಡ್ತೀನಿ ಅಂತ ಹೇಳ್ತಿಲ್ಲ. ಮೊದಲು ಎಣಿಸೋಣ. ಇಲ್ಲಿ ನಿಜವಾಗಿ ಎಷ್ಟು ಬೇಕು ಅಂತ ಕಟ್ಟಡ ಕಟ್ಟಡ ಸುತ್ತಿ ಎಣಿಸೋಣ. ಅಂದಾಜಿನ ಮಾತು ನನಗಾಗಲ್ಲ."

"ನನಗೂ ಆಗಲ್ಲ ಮೇಡಂ!"

ಪ್ರತಿ ಮಂಗಳವಾರ ಅವನು ಗ್ವಾಂಗ್ಜುವಿನಿಂದ ಬಸ್ಸಿನಲ್ಲಿ ಬರುತ್ತಿದ್ದ. ಇಬ್ಬರೂ ಹಾಳೆ ಹಿಡಿದು ಕೋಣೆ ಕೋಣೆ ತಿರುಗುತ್ತಿದ್ದರು. ಪ್ರೊಫೆಸರ್ ಒಂದೊಂದು ಕೋಣೆಗೂ ಒಂದೇ ಅಳತೆಯ ತುಂಡು ಕೊಟ್ಟಿದ್ದರು, ಇನ್ನೂರ ಐವತ್ನಾಲ್ಕು ವಿಳಾಸದ್ದು. ಬಲೆ ಹೊಲಿಯುವ ಕೊಠಡಿಯಲ್ಲಿ ಮೂರು ಕಂಪ್ಯೂಟರ್ ಇದ್ದವು. ಅದಕ್ಕೂ ಇನ್ನೂರ ಐವತ್ನಾಲ್ಕು. ಉಗ್ರಾಣದಲ್ಲಿ ಒಂದೇ ಒಂದು, ಅದೂ ಕೆಟ್ಟದ್ದು.

"ಇದಕ್ಕೂ ಇನ್ನೂರ ಐವತ್ನಾಲ್ಕಾ?" ಇನ್‌ಹೋ ಆ ಸತ್ತ ಪೆಟ್ಟಿಗೆಗೆ ಬಾಗಿ ನಮಸ್ಕರಿಸಿದ. "ಮಹಾರಾಜರೇ, ಅರಮನೆ ಚೆನ್ನಾಗಿದೆ."

ಮಿರಾನ್ ಮುಖ ತಿರುಗಿಸಿಕೊಂಡಳು. ನಗು ಬಂದಿತ್ತು. ಅದನ್ನು ಅವನಿಗೆ ತೋರಿಸುವ ಅಗತ್ಯವಿರಲಿಲ್ಲ.

"ಆಗ ಹಾಗೇ ಮಾಡಬೇಕಿತ್ತು," ಎಂದಳು ಗಂಭೀರವಾಗಿ. "ಹಳೆ ರೌಟರ್‌ಗಳು ಒಂದಕ್ಕೊಂದು ವಿಳಾಸ ಹೇಳ್ತಿದ್ವು, ಎಲ್ಲಿ ಕತ್ತರಿಸಿದೆ ಅಂತ ಹೇಳ್ತಿರಲಿಲ್ಲ. ಅದಕ್ಕೇ ಎಲ್ಲ ತುಂಡೂ ಒಂದೇ ಅಳತೇದು. ಪ್ರೊಫೆಸರ್‌ಗೆ ತಿಳೀಲಿಲ್ಲ ಅಂತಲ್ಲ."

"ಅವರಿಗೆ ತಿಳೀಲಿಲ್ಲ ಅಂತ ನಾನಂದ್ನಾ? ಅವರ ಪಟ್ಟಿ ನೋಡಿದೀನಿ. ಒಂದೂ ತಪ್ಪಿಲ್ಲ. ಅಂಥ ಕೈ ನನಗಿದ್ದಿದ್ರೆ..."

ಅವನು ಹೊಗಳಲೆಂದು ಹೇಳಿದ್ದಲ್ಲ ಎಂದು ಗೊತ್ತಾಗುತ್ತಿತ್ತು. ಆ ದಿನ ಮಿರಾನ್ ಮೊದಲ ಸಲ ಅವನನ್ನು ಊಟಕ್ಕೆ ಕರೆದಳು. ಬಂದರಿನ ಹೋಟೆಲಿನಲ್ಲಿ ಹುದುಗು ಹಿಡಿದ ಹೊಂಗೊ ಮೀನು ತರಿಸಿದಳು. ಒಂದು ತುಂಡು ಬಾಯಿಗಿಡುತ್ತಲೇ ಅದರ ಘಾಟಿಗೆ ಇನ್‌ಹೋನ ಕಣ್ಣಲ್ಲಿ ನೀರು.

"ದ್ವೀಪದವರಾಗಿ ಇದು ತಿನ್ನೋಕೆ ಬರಲ್ವಾ!"

"ದ್ವೀಪದಲ್ಲಿ ತಾಜಾ ಮೀನು ಸಿಗುತ್ತೆ ಮೇಡಂ! ಇದು ನೀವು ಪೇಟೆಯವರು ಮರೆತುಬಿಟ್ಟು, ಆಮೇಲೆ ನಾಚಿಕೆಯಾಗಿ ತಿಂದಿದ್ದು."

ಅವಳು ಗಟ್ಟಿಯಾಗಿ ನಕ್ಕಳು. ಪಕ್ಕದ ಮೇಜಿನವರು ತಿರುಗಿ ನೋಡುವಷ್ಟು.

ಎಣಿಸಿದಾಗ ಸಿಕ್ಕಿದ್ದು ಒಂಬೈನೂರ ಹನ್ನೆರಡು ಕಂಪ್ಯೂಟರ್. ಹಿಡುವಳಿಯ ಹದಿನಾರರಲ್ಲಿ ಒಂದು ಭಾಗ, ನಾಲ್ಕು ಸಾವಿರದಷ್ಟು ವಿಳಾಸ ಉಳಿಸಿಕೊಂಡರೂ ಕಾಲೇಜಿಗೆ ಹತ್ತು ವರ್ಷ ಸಾಕು. ಉಳಿದ ಹದಿನೈದು ಭಾಗ ಕೊಡಬಹುದು. ಆದರೆ ಉಳಿಸಿಕೊಳ್ಳುವ ಭಾಗದ ಹೊರಗಿದ್ದ ಆರುನೂರು ಕಂಪ್ಯೂಟರ್‌ಗಳಿಗೆ ಹೊಸ ವಿಳಾಸ ಹಾಕಬೇಕು. ಒಂದೊಂದಕ್ಕೂ ಕೈಯಿಂದಲೇ.

ಮಿರಾನ್ ಒಪ್ಪಿದಳು. ಯಾವ ಗಳಿಗೆಯಲ್ಲಿ ಒಪ್ಪಿದಳೆಂದು ಕೇಳಿದರೆ ಅವಳಿಗೇ ಹೇಳಲಾಗುತ್ತಿರಲಿಲ್ಲ.

ಚಳಿಗಾಲವಿಡೀ ಆ ಕೆಲಸ ನಡೆಯಿತು. ಇಬ್ಬರೂ ಸೇರಿ ಹೊಸ ಪಟ್ಟಿ ಬರೆದರು. ಬಲೆಯ ಕೊಠಡಿಗೆ ಆರು ವಿಳಾಸದ ತುಂಡು, ಸಾಗರ ವಿಭಾಗಕ್ಕೆ ಐನೂರರದ್ದು. ಎಲ್ಲಿ ಎಷ್ಟು ಬೇಕೋ ಅಲ್ಲಿಗೇ ಕತ್ತರಿ. ಸಾಗರ ವಿಭಾಗದ ಮುದುಕ ಪ್ರೊಫೆಸರ್ ಮಾತ್ರ ಕೀಲಿಮಣೆಗೆ ಅಡ್ಡ ಕೈ ಇಟ್ಟು ಕೂತುಬಿಟ್ಟರು.

"ನನ್ನ ನಂಬರು ಬದಲಾಯಿಸೋದಿಲ್ಲ! ಅದು ನನ್ನ ಮಗಳು ಹುಟ್ಟಿದ ದಿನ."

"ಕೊನೇ ಅಂಕಿ, ಅಂದ್ರೆ ತಾರೀಖು, ಹಾಗೇ ಬಿಡ್ತೀವಿ ಸರ್," ಎಂದ ಇನ್‌ಹೋ. "ತಿಂಗಳು ಮಾತ್ರ ಬದಲಾಗುತ್ತೆ."

"ನನ್ನ ಹೆಂಡತಿಗೆ ನೀನೇ ಬಂದು ಹೇಳು ಹಾಗಾದ್ರೆ!"

ಡಿಸೆಂಬರಿಗೆ ಮಂಗಳವಾರದ ಜೊತೆ ಗುರುವಾರವೂ ಸೇರಿತು. ಬರುವಾಗ ಅವನು ಅವಳಿಗೂ ಕಡಲಪಾಚಿಯ ಹಾಳೆಯಲ್ಲಿ ಅನ್ನ, ತರಕಾರಿ ಸುತ್ತಿದ ಒಂದು ಕಿಂಬಾಪ್ ಪೊಟ್ಟಣ ತರುತ್ತಿದ್ದ, ಕ್ಯಾರೆಟ್ ತೆಗೆಸಿ. ಅವಳು ಕ್ಯಾರೆಟ್ ಪಕ್ಕಕ್ಕಿಡುವುದನ್ನು ಒಂದೇ ಒಂದು ಸಲ ನೋಡಿದ್ದನಂತೆ. ಮಿರಾನ್ ಪೊಟ್ಟಣ ಖಾಲಿ ಮಾಡುತ್ತಿದ್ದಳು. ಬುಧವಾರಗಳು ಮಾತ್ರ ಯಾಕೋ ಉದ್ದವಾಗಿವೆ ಅನಿಸತೊಡಗಿತ್ತು.

ಫೆಬ್ರವರಿಯ ಕೊನೆಯ ಗುರುವಾರ. ಹಳೆಯ ರೌಟರ್ ಮುಂದೆ ನಿಂತು ಇನ್‌ಹೋ ಕೇಳಿದ.

"ಇದಕ್ಕೆ ವರ್ಗವಿಲ್ಲದ ಪದ್ಧತಿ ಗೊತ್ತಾ? ವಿಳಾಸದ ತಲೆ ನೋಡಿ 'ಇದು ಬಿ ವರ್ಗ, ಎಲ್ಲ ನಮ್ಮನೇದೇ' ಅಂದುಬಿಟ್ರೆ ಕಷ್ಟ. ಕೊಟ್ಟಿರೋ ತುಂಡುಗಳು ಈಗ ಹೊರಗಿನವು."

"ಗೊತ್ತು."

"ಪರೀಕ್ಷೆ ಮಾಡೋಣ್ವಾ?"

"ಗೊತ್ತು ಅಂದ್ನಲ್ಲ!" ಅವಳ ದನಿ ಏರಿತು. "ಪ್ರೊಫೆಸರ್ ತಂದ ಪೆಟ್ಟಿಗೆ ಅದು. ಏಳು ವರ್ಷದಲ್ಲಿ ಒಂದು ದಿನಾನೂ ನಿಂತಿಲ್ಲ."

ಅವನು ತಲೆಯಾಡಿಸಿ ಚೀಲ ತೆಗೆದುಕೊಂಡ. ಅವಳ ಮಾತನ್ನು ಅವನು ನಂಬಿದ್ದ. ಅಷ್ಟೇ.

ಭಾನುವಾರ ಬೆಳಿಗ್ಗೆ ಬದಲಾವಣೆ ಮುಗಿಯಿತು. ಏನೂ ಕೆಡಲಿಲ್ಲ.

ಸೋಮವಾರ ಹತ್ತು ಗಂಟೆಗೆ ಸೊಲ್‌ಸಮ್ ದ್ವೀಪದ ಶಾಲೆಯಲ್ಲಿ ಉದ್ಘಾಟನೆ. ತಾಲ್ಲೂಕಿನ ಅಧಿಕಾರಿ, ಪತ್ರಿಕೆಯವರು, ಹೊಸ ಅಂಗಿ ತೊಟ್ಟ ಹದಿನೆಂಟು ಮಕ್ಕಳು. ಮಕ್ಕಳು ಮೊದಲ ಪತ್ರ ಕಳಿಸಬೇಕಾದದ್ದು ಹೆಬಿತ್ ಕಾಲೇಜಿನ ಸಾಗರ ವಿಭಾಗಕ್ಕೆ. ಮುದುಕ ಪ್ರೊಫೆಸರ್ ಟೈ ಕಟ್ಟಿಕೊಂಡು ಉತ್ತರ ಬರೆಯಲು ಕಾದು ಕೂತಿದ್ದರು.

ಪತ್ರ ಬರಲಿಲ್ಲ.

ಹತ್ತೂಕಾಲಿಗೆ ಮಿರಾನ್‌ಳ ಪೇಜರ್ ಬಡಿದುಕೊಂಡಿತು. 8282. ಪೇಜರ್ ಸಂಕೇತದಲ್ಲಿ ಬೇಗ, ಬೇಗ! ಅವಳು ದ್ವೀಪದ ಶಾಲೆಗೆ ಫೋನ್ ಮಾಡಿದಳು.

"ಪ್ರಪಂಚಕ್ಕೆಲ್ಲ ಹೋಗ್ತಿದೆ, ನಿಮ್ಮಲ್ಲಿಗೆ ಮಾತ್ರ ಬರ್ತಿಲ್ಲ," ಎಂದ ಇನ್‌ಹೋ ಫೋನಿನಲ್ಲಿ. ಹಿಂದೆ ಮಕ್ಕಳ ಗದ್ದಲ. "ಏನಾಗಿದೆ?"

"ಗೊತ್ತಿಲ್ಲ... ನೋಡ್ತೀನಿ."

ತಂತಿ ನೋಡಿದಳು, ಪಟ್ಟಿ ನೋಡಿದಳು. ಎಲ್ಲ ಸರಿ ಇತ್ತು. ಕೊನೆಗೆ, ನೋಡಲು ಮನಸ್ಸಿಲ್ಲದೆ ಬಿಟ್ಟಿದ್ದ ಜಾಗವನ್ನು ನೋಡಿದಳು. ಮಕ್ಕಳ ಕಂಪ್ಯೂಟರಿನ ಕೂಗು ಕಾಲೇಜಿನವರೆಗೂ ಬರುತ್ತಿತ್ತು. ಇಲ್ಲಿಂದ ಹೊರಟ ಮರುದನಿ ಮಾತ್ರ ಪ್ರೊಫೆಸರ್‌ರ ರೌಟರ್ ದಾಟುತ್ತಿರಲಿಲ್ಲ. ಅದು ವಿಳಾಸದ ಮೊದಲ ಅಂಕಿಗಳನ್ನು ನೋಡುತ್ತಿತ್ತು, ಬಿ ವರ್ಗ ಎನ್ನುತ್ತಿತ್ತು, ಎಲ್ಲ ನಮ್ಮನೆಯದೇ ಎಂದು ಮನೆಯೊಳಗೆಲ್ಲ ಹುಡುಕುತ್ತಿತ್ತು. ಸಿಗಲಿಲ್ಲವೆಂದು ಎಸೆದುಬಿಡುತ್ತಿತ್ತು.

ಅದಕ್ಕೆ ಹೊಸ ಪದ್ಧತಿ ಕಲಿಸಬಹುದಿತ್ತು. ಎರಡು ಪದದ ಒಂದು ಆಜ್ಞೆ. ಅವಳು ಅದನ್ನು ಕೊಟ್ಟಿರಲಿಲ್ಲ. ಕೊಡಬೇಕೇ ಎಂದು ನೋಡಿಯೂ ಇರಲಿಲ್ಲ.

ಎರಡು ಪದ ಒತ್ತಿದಾಗ ಹನ್ನೊಂದೂ ನಲವತ್ತು. ಅಷ್ಟರಲ್ಲಿ ಅಧಿಕಾರಿಯ ದೋಣಿ ಹೊರಟುಹೋಗಿತ್ತು.

"ಸರಿಯಾಯ್ತು," ಎಂದಳು ಫೋನಿನಲ್ಲಿ.

"ಸರಿ," ಎಂದ ಇನ್‌ಹೋ. ಫೋನ್ ಇಟ್ಟುಬಿಟ್ಟ.

ಅವನ ಪಕ್ಕದಲ್ಲಿ ಆಗ ಪತ್ರಿಕೆಯವನು ನಿಂತಿದ್ದ, ಶಾಲೆಯ ಹೆಡ್‌ಮಾಸ್ಟರು ನಿಂತಿದ್ದರು. ಇದು ಮಿರಾನ್‌ಗೆ ತಿಳಿಯುವಂತಿರಲಿಲ್ಲ. ಅವಳಿಗೆ ಕೇಳಿಸಿದ್ದು ಆ ಒಂದು 'ಸರಿ' ಮಾತ್ರ. ಕಾರಣ ಹೇಳಲು ಮತ್ತೆ ಫೋನ್ ಮಾಡಿದಳು. ಯಾರೂ ಎತ್ತಲಿಲ್ಲ.

ಹತ್ತು ದಿನದ ಮೇಲೆ ಡೀನ್ ಪ್ಯೋ ಅವಳನ್ನು ಕರೆಸಿದರು. ಕನ್ನಡಕ ಏರಿಸಿಕೊಂಡು ಓದಿದರು.

"ಗ್ವಾಂಗ್ಜುವಿನ ವರದಿ. 'ದೋಷವಿದ್ದದ್ದು ಹೆಬಿತ್ ಕಾಲೇಜಿನ ಮುಖ್ಯ ರೌಟರ್‌ನಲ್ಲಿ. ಅದು ವರ್ಗಾಧಾರಿತ ಹಳೆಯ ಪದ್ಧತಿಯಲ್ಲೇ ಕೆಲಸ ಮಾಡುತ್ತಿತ್ತು.' ಕೆಳಗೆ ತಾಕ್ ಇನ್‌ಹೋ ಹೆಸರಿದೆ." ತಲೆ ಎತ್ತಿದರು. "ಪತ್ರಿಕೇಲಿ ಕಾಲೇಜಿನ ಹೆಸರು ಬಂತಲ್ಲಮ್ಮ. ಆಗಸ್ಟ್‌ನಲ್ಲಿ ನಿನ್ನ ಕೆಲಸದ ವಿಷಯ ಮತ್ತೆ ಕೂತು ಮಾತಾಡ್ಬೇಕಾಗುತ್ತೆ."

"ಆಗಲಿ ಸರ್."

ಅವಳು ಮೆಟ್ಟಿಲಿಳಿದು ಬಂದಳು. ಬರೆದದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. 'ಆದರೂ ಬರೆಯೋ ಮುಂಚೆ ಒಂದು ಮಾತು... ಒಂದೇ ಒಂದು ಮಾತು ಕೇಳಬಹುದಿತ್ತಲ್ಲ!'

ಮುಂದಿನ ಮಂಗಳವಾರವೂ ಅವನು ಬರಲಿಲ್ಲ. ಬೇರೊಬ್ಬ ಬಂದ. ಇನ್‌ಹೋನನ್ನು ದ್ವೀಪಗಳ ಕಡೆ ಹಾಕಿದ್ದಾರೆ ಎಂದ. ಮಿರಾನ್ ಸರಿ ಎಂದಳು. ಹಾಗಾದರೆ ಮುಗಿಯಿತು. ಅವನಿಗೆ ಬೇಕಾದದ್ದು ವಿಳಾಸ. ಅದು ಸಿಕ್ಕಿದೆ. ಕ್ಯಾರೆಟ್ ತೆಗೆಸಿದ್ದು, ಪ್ರೊಫೆಸರ್‌ರನ್ನು ಹೊಗಳಿದ್ದು, ಎಲ್ಲ ಅದಕ್ಕೇ ಇರಬೇಕು.

ಆ ತಿಂಗಳು ಪೇಜರ್‌ನಲ್ಲಿ ಮೂರು ಸಲ ಒಂದು ದ್ವೀಪದ ಫೋನ್ ನಂಬರ್ ಬಂತು. ಮೂರು ಸಲವೂ ಅಳಿಸಿದಳು. ಮೂರನೆಯದನ್ನು ಅಳಿಸುವಾಗ ಬೆರಳು ಸ್ವಲ್ಪ ಹೊತ್ತು ನಿಂತಿತು... ಆಮೇಲೆ ಅಳಿಸಿತು.

ಏಪ್ರಿಲ್ ಮೊದಲ ವಾರ, ಗುಡ್ಡದ ಮೇಲೆ ಹಳದಿ ಹೂ ತುಂಬಿದ್ದ ಮಧ್ಯಾಹ್ನ ಬಾಂಗ್ ಅಕ್ಕ ಏದುಸಿರು ಬಿಡುತ್ತ ಕಂಪ್ಯೂಟರ್ ಕೋಣೆಗೆ ಬಂದಳು. ವರ್ಷದ ವರದಿಗಳನ್ನೆಲ್ಲ ಒಟ್ಟು ಹಾಕಿ ಹೊಲಿಯುವ ಕೆಲಸ ಅವಳದು.

"ನಿನ್ನ ಹುಡುಗ ಸುಳ್ಳುಗಾರ ಕಣೆ."

"ನನ್ನ ಹುಡುಗ ಯಾರೂ ಇಲ್ಲ."

"ಇರಲಿ, ಓದು. ಡೀನ್ ಸಾಹೇಬರು ಮೊದಲನೇ ಪುಟ ಓದಿ ಬಿಟ್ಟಿದಾರೆ. ಎರಡನೇದು ಇನ್ನೂ ಅಂಟಿಕೊಂಡೇ ಇತ್ತು."

ಎರಡನೆಯ ಪುಟದಲ್ಲಿ ನಾಲ್ಕೇ ಸಾಲು.

'ರೌಟರ್‌ನ ಸ್ಥಿತಿಯನ್ನು ಮೊದಲೇ ವಿಚಾರಿಸುವುದು ಯೋಜನೆಯ ಎಂಜಿನಿಯರನಾದ ನನ್ನ ಕರ್ತವ್ಯವಾಗಿತ್ತು. ನಾನು ವಿಚಾರಿಸಲಿಲ್ಲ. ಕೇಳಿದ್ದರೆ ಕಾಲೇಜಿನ ಜಾಲ ನಿರ್ವಾಹಕಿ ಖಂಡಿತ ತಿಳಿಸುತ್ತಿದ್ದರು. ಪೂರ್ಣ ಹೊಣೆ ನನ್ನದು.'

ಮಿರಾನ್ ಎರಡು ಸಲ ಓದಿದಳು.

"ಈ ನಾಲ್ಕು ಸಾಲಿಗೇ ಅವನನ್ನ ಎತ್ತಿ ದ್ವೀಪಕ್ಕೆ ಹಾಕಿದಾರಂತೆ," ಎಂದಳು ಬಾಂಗ್ ಅಕ್ಕ. "ಮೊನ್ನೆ ಬಂದವನು ಹೇಳಿದ. ನಿಂಗೆ ಕಣ್ಣೀರು ಬರಲ್ವೇನೇ?"

"ಕೋಪ ಬರ್ತಿದೆ." ನಿಜವಾಗಿಯೂ ಬಂದಿತ್ತು. ಕಿವಿಯವರೆಗೆ ಕೆಂಪಾಗಿದ್ದಳು. "ಅವರು ಕೇಳಿದ್ರು ಅಕ್ಕ! ಇದೇ ಜಾಗದಲ್ಲಿ ನಿಂತು ಕೇಳಿದ್ರು. ಪರೀಕ್ಷೆ ಮಾಡೋಣ್ವಾ ಅಂತಲೂ ಅಂದ್ರು. ನಾನೇ... ನೋಡದೇನೇ ಗೊತ್ತು ಅಂದುಬಿಟ್ಟೆ."

ಬಾಂಗ್ ಅಕ್ಕ ಬಾಗಿಲು ಮುಂದೆ ಮಾಡಿ ಬಂದಳು.

"ಈಗೇನ್ ಮಾಡ್ತೀಯ? ಆ ಮಾತು ಬಾಯಿಬಿಡದಿದ್ರೆ ನಿನ್ನ ಕೆಲಸ ಉಳಿಯುತ್ತೆ. ಈ ಪುಟ ತೋರಿಸಿದ್ರೆ ಡೀನ್ ಏನೂ ಅನ್ನೋಕಾಗಲ್ಲ."

ಮಿರಾನ್ ಯೋಚಿಸಿದಳು. ಬಹಳ ಹೊತ್ತೇನಲ್ಲ. ಆಮೇಲೆ ಕುರ್ಚಿ ಎಳೆದುಕೊಂಡು ಕೂತು ಪತ್ರ ಬರೆದಳು. ಒಂದು ಪ್ರತಿ ಗ್ವಾಂಗ್ಜುವಿಗೆ, ಒಂದು ಡೀನ್‌ಗೆ. ಎಂಜಿನಿಯರ್ ಯಾವ ದಿನ, ಯಾವ ಜಾಗದಲ್ಲಿ, ಏನು ಕೇಳಿದರು, ತಾನು ಏನು ಹೇಳಿದೆ ಎಂದು ಇದ್ದದ್ದು ಇದ್ದ ಹಾಗೆ ಬರೆದು ಸಹಿ ಹಾಕಿದಳು.

ಶನಿವಾರ ಬೆಳಗಿನ ಏಳೂವರೆಯ ದೋಣಿಯಲ್ಲಿ ಸೊಲ್‌ಸಮ್‌ಗೆ ಹೊರಟಳು. ಎರಡೂಮುಕ್ಕಾಲು ಗಂಟೆಯ ದಾರಿ. ಈರುಳ್ಳಿ ಮೂಟೆಗಳ ನಡುವೆ ಕೂತು, ಹೇಳಬೇಕಾದದ್ದನ್ನು ಮನಸ್ಸಿನಲ್ಲೇ ಜೋಡಿಸಿಕೊಂಡಳು. ದೋಣಿ ಇಳಿಯುವ ಹೊತ್ತಿಗೆ ಒಂದೂ ನೆನಪಿರಲಿಲ್ಲ.

ಉಪ್ಪಿನ ಗದ್ದೆಗಳ ಬದಿಯಲ್ಲಿ ನಡೆದರೆ ಶಾಲೆ. ಅಲ್ಲಿನ ಕಂಪ್ಯೂಟರ್ ಕೊಠಡಿಯಲ್ಲಿ ಇನ್‌ಹೋ ಏಣಿಯ ಮೇಲಿದ್ದ. ಬಾಯಲ್ಲಿ ಮೊಳೆ, ಹೆಗಲ ಮೇಲೆ ತಂತಿಯ ಸುರುಳಿ. ಬಿಸಿಲಿಗೆ ಮುಖ ಕಪ್ಪಾಗಿತ್ತು. ಅವಳನ್ನು ನೋಡಿ ಮೊಳೆಗಳನ್ನು ಒಂದೊಂದಾಗಿ ಬಾಯಿಂದ ತೆಗೆದ.

"ನಿಮ್ಮ ವರದೀಲಿ ಒಂದು ತಪ್ಪಿದೆ," ಎಂದಳು ಮಿರಾನ್.

"...ಯಾವುದು?"

"ಎರಡನೇ ಪುಟ, ಎರಡನೇ ಸಾಲು. ನಾನು ವಿಚಾರಿಸಲಿಲ್ಲ ಅಂತ ಬರೆದಿದೀರಿ. ವಿಚಾರಿಸಿದ್ರಿ."

ಅವನು ಏಣಿ ಇಳಿದ. ಕೈಯ ಧೂಳನ್ನು ಪ್ಯಾಂಟಿಗೆ ಒರೆಸಿಕೊಂಡ.

"ಪರೀಕ್ಷೆ ಮಾಡಲಿಲ್ಲವಲ್ಲ. ಮಾಡಬೇಕಿತ್ತು."

"ನಾನು ಬಿಡಲಿಲ್ಲ. ಅದನ್ನ ಯಾಕೆ ಬರೀಲಿಲ್ಲ?"

"ಬರೆದಿದ್ರೆ ನಿಮ್ಮ ಕೆಲಸ ಹೋಗ್ತಿತ್ತು. ನನ್ನನ್ನ ಬರೀ ದ್ವೀಪಕ್ಕೆ ಹಾಕಿದ್ರು. ನಾನು ಹುಟ್ಟಿದ ಊರಿಗೇ ಹಾಕಿದ್ರೆ ಅದು ಶಿಕ್ಷೆನಾ? ಅಮ್ಮ ಮೂರು ಹೊತ್ತೂ ಬಡಿಸ್ತಿದಾಳೆ. ಪ್ಯಾಂಟು ಬಿಗಿಯಾಗಿದೆ, ನೋಡಿ."

"ತಮಾಷೆ ಮಾಡ್ಬೇಡಿ!" ಅವಳು ಒಂದು ಹೆಜ್ಜೆ ಮುಂದೆ ಬಂದಳು. "ನಾನು ಗ್ವಾಂಗ್ಜುಗೆ ಪತ್ರ ಬರೆದಾಯ್ತು. ಡೀನ್‌ಗೂ ಕೊಟ್ಟಾಯ್ತು. ನಡೆದದ್ದೆಲ್ಲ ಬರೆದಿದೀನಿ."

ಅವನ ಮುಖದ ನಗು ಮಾಯವಾಯಿತು.

"ಯಾಕೆ? ಯಾಕೆ ಬರೆದ್ರಿ? ನಾನು ಅಷ್ಟೆಲ್ಲ ಮಾಡಿದ್ದು..."

"ನನ್ನ ಹೆಸರಿಗೋಸ್ಕರ ನೀವು ಸುಳ್ಳು ಬರೆದು, ನಾನು ಆ ಸುಳ್ಳಿನ ಕೆಳಗೆ ಬೆಚ್ಚಗೆ ಕೂತಿರಬೇಕಾ? ನನ್ನನ್ನ ಅಷ್ಟೇನಾ ತಿಳ್ಕೊಂಡಿದ್ದು?"

ಕಿಟಕಿಯಿಂದ ಇಬ್ಬರು ಮಕ್ಕಳು ಇಣುಕಿದರು. ಇನ್‌ಹೋ ಕಣ್ಣು ಬಿಟ್ಟು ಹೆದರಿಸಿದ. ಓಡಿಹೋದರು.

"ಮೂರು ಸಲ ಪೇಜ್ ಮಾಡಿದೆ," ಎಂದ ಮೆಲ್ಲಗೆ. "ಫೋನ್ ಮಾಡಲಿಲ್ಲ ನೀವು. ಕೋಪ ಅಂದ್ಕೊಂಡೆ. ಆಮೇಲೆ... ಇಷ್ಟ ಇಲ್ಲ ಅಂದ್ಕೊಂಡೆ."

"ವಿಳಾಸ ಸಿಕ್ತು, ಹೋದ್ರು ಅಂತ ನಾನಂದ್ಕೊಂಡೆ."

"ವಿಳಾಸಾನಾ!" ಅವನಿಗೆ ನಿಜಕ್ಕೂ ಆಶ್ಚರ್ಯವಾಗಿತ್ತು. "ವಿಳಾಸದ ಪಟ್ಟಿ ಕೆಲಸ ಡಿಸೆಂಬರ್‌ನಲ್ಲೇ ಮುಗಿದಿತ್ತು ಮೇಡಂ. ಮುಂದಿನದು ನೀವೊಬ್ಬರೇ ಮಾಡಬಹುದಿತ್ತು. ಗುರುವಾರ ಗುರುವಾರ ರಜೆ ಹಾಕಿ, ಸ್ವಂತ ಖರ್ಚಲ್ಲಿ ಬರ್ತಿದ್ದೆ. ನಿಮಗದು ಗೊತ್ತಿರಲಿಲ್ವಾ?"

ಗೊತ್ತಿರಲಿಲ್ಲ. ಅಷ್ಟೆಲ್ಲ ಎಣಿಸಿದವಳು ಇದೊಂದನ್ನು ಎಣಿಸಿರಲಿಲ್ಲ.

ಮಿರಾನ್ ಮೇಜಿನ ಮೇಲಿದ್ದ ಇಕ್ಕಳ ತೆಗೆದುಕೊಂಡು ತಂತಿಯ ತುದಿ ಸುಲಿಯತೊಡಗಿದಳು. ಸುಮ್ಮನೆ ನಿಲ್ಲುವುದು ಅವಳಿಂದ ಆಗುತ್ತಿರಲಿಲ್ಲ. ಇನ್‌ಹೋ ಮತ್ತೆ ಏಣಿ ಹತ್ತಿದ. ಮಧ್ಯಾಹ್ನ ಅವನ ಅಮ್ಮ ಏಡಿಯ ಸಾರು, ಅನ್ನ ಹೊತ್ತು ತಂದರು. ಹುಡುಗಿಯನ್ನು ಮೇಲಿಂದ ಕೆಳಗೆ ನೋಡಿ, "ಬಡಕಲು," ಎಂದು ಮಗನಿಗೆ ಹೇಳಿ, ಅವಳ ಬಟ್ಟಲಿಗೆ ಎರಡು ಏಡಿ ಹೆಚ್ಚಿಗೆ ಹಾಕಿ ಹೋದರು. ಮೂರು ಗಂಟೆಯ ಹೊತ್ತಿಗೆ ಹೊಸದಾಗಿ ಎಂಟು ಕಂಪ್ಯೂಟರ್ ಜೋಡಿಸಿ ಆಗಿತ್ತು.

ಮುಂದೆ ಆದದ್ದನ್ನು ಇಲ್ಲೇ ಹೇಳಿಬಿಡಬಹುದು. ಮಿರಾನ್‌ಗೆ ಡೀನ್ ಎಚ್ಚರಿಕೆಯ ಪತ್ರ ಕೊಟ್ಟರು. ಆಗಸ್ಟ್‌ನಲ್ಲಿ ಅವಳ ಕೆಲಸ ಹೋಗಲಿಲ್ಲ. ಹೊಸ ಪಟ್ಟಿಯ ತಲೆಬುಡ ಕಾಲೇಜಿನಲ್ಲಿ ಬೇರೆ ಯಾರಿಗೂ ಅರ್ಥವಾಗುತ್ತಿರಲಿಲ್ಲ, ಅದೇ ಕಾರಣ. ಇನ್‌ಹೋನ ಮೇಲಿನ ಟಿಪ್ಪಣಿಯನ್ನು ಗ್ವಾಂಗ್ಜು ಅರ್ಧ ತೆಗೆದುಹಾಕಿತು. ಸುಳ್ಳು ವರದಿ ಬರೆದದ್ದಕ್ಕೆ ಇನ್ನರ್ಧ ಉಳಿಸಿಕೊಂಡಿತು. ಇಬ್ಬರಿಗೂ ಅದು ನ್ಯಾಯವೆನಿಸಿತು.

ಆದರೆ ಆ ಶನಿವಾರ ಇದೊಂದೂ ಗೊತ್ತಿರಲಿಲ್ಲ. ನಾಲ್ಕು ಗಂಟೆಯ ದೋಣಿಗೆ ಇಬ್ಬರೂ ಕಟ್ಟೆಯ ಮೇಲೆ ಕಾಯುತ್ತ ನಿಂತರು. ನೀರು ಇಳಿದು ಕೆಸರು ಹೊಳೆಯುತ್ತಿತ್ತು.

"ನನಗೆ ಸುತ್ತಿಬಳಸಿ ಹೇಳೋಕೆ ಬರಲ್ಲ," ಎಂದಳು ಮಿರಾನ್ ಸಮುದ್ರ ನೋಡುತ್ತ. "ಬುಧವಾರ ಬಂದ್ರೆ ನನಗೆ ಕೆಲಸದಲ್ಲಿ ಮನಸ್ಸು ನಿಲ್ತಿರಲಿಲ್ಲ. ಈ ಒಂದು ತಿಂಗಳು ಎಲ್ಲ ದಿನಾನೂ ಬುಧವಾರ. ಅಷ್ಟೇ ಹೇಳೋದಿತ್ತು."

ಅವಳು ತಿರುಗಿ ನೋಡಿದರೆ ಇನ್‌ಹೋನ ಕಣ್ಣು ಒದ್ದೆಯಾಗಿತ್ತು.

"ಅಳ್ತಿದೀರಾ?"

"ಗಾಳಿ."

"ಗಾಳಿ ಇಲ್ಲ."

"ಹಾಗಾದ್ರೆ ಅಳ್ತಿದೀನಿ." ಅವನು ಮೊಳೆ ಹಿಡಿದು ಒರಟಾಗಿದ್ದ ಕೈಯನ್ನು ಅವಳ ಕೈಯ ಪಕ್ಕ ತಂದ, ತಾಗಿಸಲಿಲ್ಲ. ತಾಗಿಸಿದವಳು ಅವಳೇ. "ನಿಮ್ಮನ್ನ ನೋಡಿದ ಮೊದಲ ದಿನವೇ ಬೈಸಿಕೊಂಡೆ. ಬಸ್ಸಲ್ಲಿ ಗ್ವಾಂಗ್ಜು ತನಕ ನಗ್ತಾ ಹೋದೆ. ಪಕ್ಕದ ಅಜ್ಜಿ ಜಾಗ ಬದಲಾಯಿಸಿದ್ರು. ಇನ್ನು ನನ್ನಿಂದ ಇಷ್ಟ ಅನ್ನೋ ಮಾತು ಬೇರೆ ಬೇಕಾ?"

"ಬೇಕು."

"ಇಷ್ಟ. ತುಂಬಾ ಇಷ್ಟ."

ದೋಣಿ ಕೂಗಿತು. ಮುದುಕಿಯರು ಬುಟ್ಟಿ ಎತ್ತಿಕೊಂಡು ಇವರಿಬ್ಬರ ಮಧ್ಯದಿಂದಲೇ ನುಗ್ಗಿದರು. ಮಿರಾನ್ ಹಲಗೆಯ ಮೇಲೆ ಕಾಲಿಟ್ಟಳು.

"ಮುಂದಿನ ಶನಿವಾರ ಬರ್ತೀರಾ?" ಎಂದು ಕೂಗಿದ ಇನ್‌ಹೋ.

"ಬರ್ತೀರಾ ಅಂತ ಕೇಳಿದ್ರೆ ಬರಲ್ಲ."

ಅವನಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಹಗ್ಗ ಬಿಚ್ಚಿದರು. ದೋಣಿ ಕಟ್ಟೆಯಿಂದ ಒಂದು ಮೊಳ ಸರಿಯಿತು.

"ಮಿರಾನ್..." ಅವನ ದನಿ ಮೊದಲ ಸಲ ತಡವರಿಸಿತು. "ಬರ್ತೀಯಾ?"

"ಬರ್ತೀನಿ. ನೀನು ಬೇಗ ಬಂದು ನಿಂತಿರು."